ಹಾರ್ಟ್ ಕಾಯಿಲೆಗೆ ಕ್ಯಾನ್ಸರ್ ಇಂಜೆಕ್ಷನ್ ಯಾಕೆ ಡಾಕ್ಟ್ರೇ?

ಪ್ರಶ್ನೆ: ನಮ್ಮಪ್ಪನಿಗೆ 62 ವರ್ಷ, ಮದ್ದೂರು ಹತ್ರ ಕಬ್ಬಿನ ಗದ್ದೆ ಇದೆ. ಏಳೆಂಟು ತಿಂಗಳಿಂದ ಕಾಲು ಊತ, ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು. ಮೊದ್ಲು ಗ್ಯಾಸ್ ಅಂದ್ರು, ಆಮೇಲೆ ಕಿಡ್ನಿ ಅಂದ್ರು, ಬಿಪಿಯಿಂದ ಹಾರ್ಟ್ ದಪ್ಪ ಆಗಿದೆ ಅಂದ್ರು. ಈಗ ಮೈಸೂರಲ್ಲಿ ಎಎಲ್ ಅಮಿಲಾಯ್ಡೋಸಿಸ್ ಅಂತ ಹೇಳಿ ಕ್ಯಾನ್ಸರ್ ಇಂಜೆಕ್ಷನ್ ಶುರು ಮಾಡ್ಬೇಕು ಅಂತಾರೆ, ಕೇಳಿದ್ರೆ ಕ್ಯಾನ್ಸರ್ ಅಲ್ಲ ಅಂತಾನೂ ಅಂತಾರೆ. ಮನೇಲಿ ಎಲ್ರೂ ಹೆದ್ರಿದಾರೆ. ಸ್ವಲ್ಪ ದಿನ ಬಿಟ್ಟು ನೋಡೋಣ್ವಾ? ಗದ್ದೆಗೆ ಹೋಗ್ಬಹುದಾ?

ಉತ್ತರ: ಬಿಟ್ಟು ನೋಡೋದು ಬೇಡ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನೀವು ನಾಲೆ ನೀರಿನ ಊರಿನವ್ರು, ಹೂಳು ಅಂದ್ರೆ ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ತಂದೆಯವ್ರ ಹಾರ್ಟಿನ ಗೋಡೆಯಲ್ಲಿ ತುಂಬಿರೋದು ಹೂಳೇ, ಆದ್ರೆ ಅದು ಹಾರ್ಟಲ್ಲಿ ಹುಟ್ಟಿದ್ದಲ್ಲ, ಮೂಳೆ ಮಜ್ಜೆಯಲ್ಲಿರೋ ಪ್ಲಾಸ್ಮಾ ಕೋಶಗಳು ಕೆಟ್ಟು ಲೈಟ್ ಚೈನ್ ಅನ್ನೋ ಪ್ರೋಟೀನನ್ನ ಬೇಕಾಬಿಟ್ಟಿ ತಯಾರು ಮಾಡಿ ರಕ್ತಕ್ಕೆ ಬಿಡ್ತಾ ಇರ್ತವೆ, ಅದು ಹಾರ್ಟು, ಕಿಡ್ನಿ, ನರ ಎಲ್ಲಾ ಕಡೆ ಹೋಗಿ ಕೂರುತ್ತೆ. ಹಾಗಾಗಿ ಹಾರ್ಟಿಗೆ ಎಷ್ಟು ಮಾತ್ರೆ ಕೊಟ್ರೂ ಮೇಲೆ ತೂಬು ಮುಚ್ಚದೆ ಪ್ರಯೋಜನ ಇಲ್ಲ. ಇದೇ ಪ್ಲಾಸ್ಮಾ ಕೋಶಗಳು ಮಿತಿಮೀರಿ ಬೆಳೆದ್ರೆ ಮೈಲೋಮಾ ಅನ್ನೋ ಕ್ಯಾನ್ಸರ್, ಅದಕ್ಕೇ ಅದರ ಔಷಧಿ ಇದಕ್ಕೂ ಆಗುತ್ತೆ.

ಆ ಔಷಧಿಗಳಲ್ಲಿ ಒಂದಾದ ಬೊರ್ಟೆಜೋಮಿಬ್ ಮಾಡೋ ಕೆಲಸ ನನಗಂತೂ ಈಗಲೂ ಸೋಜಿಗ. ಪ್ರತಿ ಕೋಶದೊಳಗೂ ಹಾಳಾದ ಪ್ರೋಟೀನನ್ನ ಪುಡಿ ಮಾಡೋ ಮಿಷನ್ ಒಂದಿರುತ್ತೆ, ಈ ಔಷಧಿ ಅದನ್ನ ನಿಲ್ಲಿಸುತ್ತೆ, ಹಗಲೂ ರಾತ್ರಿ ಪ್ರೋಟೀನ್ ಮಾಡ್ತಾ ಕೂತಿರೋ ಪ್ಲಾಸ್ಮಾ ಕೋಶ ತನ್ನ ಕಸದಲ್ಲೇ ಮುಳುಗಿ ಸಾಯುತ್ತೆ. ಅಮೆರಿಕದಲ್ಲಿ 2003ರಲ್ಲಿ ಮೈಲೋಮಾಗೆ ಒಪ್ಪಿಗೆ ಸಿಕ್ಕಿದ್ದು. ಡಾರಾಟುಮುಮ್ಯಾಬ್ ಅನ್ನೋ ಇನ್ನೊಂದು ಔಷಧಿ 2015ರಲ್ಲಿ ಮೈಲೋಮಾಗೇ ಬಂತು, 2021ರ ಜನವರಿಯಲ್ಲಿ ಅದನ್ನ ಬೊರ್ಟೆಜೋಮಿಬ್ ಜೊತೆ ಸೇರಿಸಿ ಎಎಲ್‌ಗೆ ಅಂತಾನೇ ಅಲ್ಲಿ ಒಪ್ಪಿದ್ರು, ಅದಕ್ಕೆ ಮುಂಚೆ ಈ ಕಾಯಿಲೆಗೆ ಅಂತ ಹಾಗೆ ಒಪ್ಪಿಗೆ ಸಿಕ್ಕ ಔಷಧಿ ಒಂದೂ ಇರ್ಲಿಲ್ಲ. ಡಾರಾಟುಮುಮ್ಯಾಬ್ ದುಬಾರಿ, ಬೊರ್ಟೆಜೋಮಿಬ್‌ಗೆ ನಮ್ಮ ದೇಶದ ಕಂಪನಿಗಳದ್ದೇ ಜೆನರಿಕ್ ಇದೆ. ಆಯುಷ್ಮಾನ್ ಕಾರ್ಡ್ ಇದ್ರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಮೊದ್ಲೇ ಕೇಳಿ.

ಇಷ್ಟು ತಿಂಗಳು ಅಲೆದಿದ್ದಕ್ಕೆ ನಿಮಗೆ ಕೋಪ ಇರೋದು ಸಹಜ. ಸುಳಿವು ಸಾಮಾನ್ಯವಾಗಿ ಫೈಲಲ್ಲೇ ಇರುತ್ತೆ: ಎಕೋದಲ್ಲಿ ಗೋಡೆ ದಪ್ಪ, ಇಸಿಜಿಯಲ್ಲಿ ಗೆರೆ ಮಾತ್ರ ಪುಟ್ಟಪುಟ್ಟದು. ಬಿಪಿಯಿಂದ ದಪ್ಪ ಆಗಿದ್ರೆ ಸಾಮಾನ್ಯವಾಗಿ ಗೆರೆ ಎತ್ತರ ಆಗ್ಬೇಕು. ಜೊತೆಗೆ ರೆಪ್ಪೆ ಸುತ್ತ ಪೆಟ್ಟಿಲ್ಲದೆ ಕಪ್ಪುಗಟ್ಟೋದು, ನಾಲಿಗೆ ದಪ್ಪ ಆಗೋದು, ಮೂತ್ರದಲ್ಲಿ ನೊರೆ.

ಶುರು ಮಾಡೋ ಮುಂಚೆ ಒಂದೇ ಒಂದು ಕೇಳಿ, ಬಯಾಪ್ಸಿಯಲ್ಲಿ ಹೂಳು ಯಾವ ಜಾತಿ ಅಂತ ಖಾತ್ರಿ ಆಗಿದೆಯಾ? ಕಾಂಗೋ ರೆಡ್ ಬಣ್ಣ ಹಾಕಿ ಪೋಲರೈಸ್ಡ್ ಬೆಳಕಲ್ಲಿ ನೋಡಿದ್ರೆ ಅಮಿಲಾಯ್ಡ್, ಅಂದ್ರೆ ಈ ಹೂಳು, ಹಸಿರಾಗಿ ಹೊಳೆಯುತ್ತೆ, ಆದ್ರೆ ಅಷ್ಟರಿಂದ ಜಾತಿ ಗೊತ್ತಾಗಲ್ಲ. ಟಿಟಿಆರ್ ಅಂತ ಇನ್ನೊಂದಿದೆ, ಅದು ಲಿವರ್‌ನಲ್ಲಿ ಹುಟ್ಟೋ ಪ್ರೋಟೀನು, ಅದಕ್ಕೆ ಈ ಇಂಜೆಕ್ಷನ್ ಕೊಟ್ರೆ ದಂಡ, ಅದಕ್ಕೆ ಟಫಾಮಿಡಿಸ್ ಅನ್ನೋ ಬೇರೆ ಮಾತ್ರೆ ಇದೆ. ಟಿಟಿಆರ್ ಹುಡುಕೋಕೆ ಮಾಡೋ ಪಿವೈಪಿ ಸ್ಕ್ಯಾನ್ ಒಂದನ್ನೇ ನಂಬೋ ಹಾಗಿಲ್ಲ, ಎಎಲ್‌ನಲ್ಲೂ ಕೆಲವು ಸಲ ಪಾಸಿಟಿವ್ ತೋರಿಸುತ್ತೆ, ಲೈಟ್ ಚೈನ್ ರಕ್ತಪರೀಕ್ಷೆ ಆಗಿರ್ಲೇಬೇಕು.

ಇಂಜೆಕ್ಷನ್ ಸಾಮಾನ್ಯವಾಗಿ ವಾರಕ್ಕೊಂದು, ಹೊಟ್ಟೆ ಚರ್ಮದ ಕೆಳಗೆ. ಪಾದ ಜೋಮು ಹಿಡಿದ್ರೆ, ಮೈಮೇಲೆ ಸರ್ಪಸುತ್ತು ಕಂಡ್ರೆ ತಕ್ಷಣ ಹೇಳಿ. ಜೊತೆಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗ ಶುಗರ್ ಏರುತ್ತೆ, ಕಾಲು ಇನ್ನೂ ಊದ್ಕೊಳ್ಳುತ್ತೆ. ದಿನಾ ಬೆಳಿಗ್ಗೆ ತೂಕ ಬರ್ದಿಡಿ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಫೋನ್ ಮಾಡಿ. ಉಪ್ಪಿನಕಾಯಿ ಬಾಟ್ಲಿ ಊಟದ ಹತ್ರಾನೇ ಬೇಡ. ಲೈಟ್ ಚೈನ್ ಕೆಲವು ವಾರದಲ್ಲೇ ಇಳಿಬಹುದು, ಕೂತಿರೋ ಹೂಳು ಕರಗೋಕೆ ತಿಂಗಳುಗಟ್ಟಲೆ ಬೇಕು, ಹಾಗಾಗಿ ಎರಡನೇ ಇಂಜೆಕ್ಷನ್‌ಗೇ ಉಸಿರು ಸರಿಹೋಗ್ಲಿಲ್ಲ ಅಂತ ಬಿಟ್ಟುಬಿಡ್ಬೇಡಿ.

ಗದ್ದೆಗೆ ಹೋಗ್ಲಿ, ಬದುವಿನ ಮೇಲೆ ಕೂತು ಆಳುಗಳಿಗೆ ಹೇಳಿ ಮಾಡಿಸ್ಲಿ. ಈ ಕಾಯಿಲೆಯಲ್ಲಿ ಎದ್ದು ನಿಂತಾಗ ಬಿಪಿ ದಢಕ್ಕಂತ ಬೀಳುತ್ತೆ, ಒಬ್ಬರೇ ಪಂಪ್‌ಸೆಟ್ ಹತ್ರ ಹೋಗೋದು ಸದ್ಯಕ್ಕೆ ಬೇಡ. ಹಳೇ ಬಿಪಿ ಮಾತ್ರೆ ಇನ್ನೂ ಬೇಕಾ ಅಂತ ಈ ವಾರವೇ ಕೇಳಿ.