ಒಂದು ಜೀನಿಗೆ ಮೂರು ಪ್ರತಿ

ಪ್ರಶ್ನೆ: ತಮ್ಮನಿಗೆ ಮಲೇರಿಯಾ ಬಂದು ಗುಣವಾಗಿತ್ತು. ಹದಿನಾಲ್ಕು ದಿನದ ಮಾತ್ರೆಯನ್ನು ಐದು ದಿನ ನುಂಗಿ ಬಿಟ್ಟಿದ್ದ. ಎರಡು ತಿಂಗಳಿಗೆ ಮತ್ತೆ ಚಳಿಜ್ವರ. ಎಂ.ಎಸ್‌ಸಿ. ಓದುತ್ತಿರುವ ಮಗಳು, ರೋಗಾಣು ತನ್ನ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡು ಮದ್ದಿಗೆ ಬಗ್ಗದಂತಾಗುತ್ತದೆ ಎನ್ನುತ್ತಾಳೆ. ಇದ್ದದ್ದನ್ನೇ ನಕಲು ಮಾಡಿಕೊಂಡರೆ ಅದಕ್ಕೇನು ಲಾಭ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಗಳು ಹೇಳಿದ್ದು ಸರಿ. ಆದರೆ ತಮ್ಮನ ಜ್ವರಕ್ಕೆ ಅದನ್ನು ಅಂಟಿಸಬೇಡಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜೂನ್ ಮಳೆಗೆ ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್‌ಗೆ ನೀರು ನುಗ್ಗಿದರೆ ಹೊಸ ನಮೂನೆಯ ಪಂಪು ಹುಡುಕುತ್ತ ಕೂರುತ್ತೇವೆಯೇ? ಇರುವಂಥದ್ದೇ ಇನ್ನೆರಡು ತಂದು ಹಚ್ಚುತ್ತೇವೆ. ಫ್ಯಾಲ್ಸಿಪಾರಮ್ ಮಲೇರಿಯಾದ ರೋಗಾಣುವೂ ಹಾಗೆಯೇ. ಅದರ 5ನೇ ಕ್ರೋಮೋಸೋಮಿನಲ್ಲಿ ಪಿಎಫ್‌ಎಂಡಿಆರ್1 ಎಂಬ ಜೀನಿದೆ. ಆ ಜೀನಿನ ಪ್ರೋಟೀನು, ರೋಗಾಣು ನಮ್ಮ ಹಿಮೋಗ್ಲೋಬಿನ್ ಅರಗಿಸಿಕೊಳ್ಳುವ ಚೀಲದ ಗೋಡೆಯಲ್ಲಿ ಕೂತು ಮೆಫ್ಲೋಕ್ವಿನ್ ಮದ್ದನ್ನು ಚೀಲದೊಳಕ್ಕೆ ನೂಕುತ್ತದೆ. ಮದ್ದಿಗೆ ಕೆಲಸ ಇರುವುದು ಚೀಲದ ಹೊರಗೆ! ಜೀನು ಎರಡು-ಮೂರು ಪ್ರತಿಯಾದರೆ ಪಂಪುಗಳೂ ಹೆಚ್ಚುತ್ತವೆ. ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯಲ್ಲಿ ಮೆಫ್ಲೋಕ್ವಿನ್ ಸೋತದ್ದಕ್ಕೆ ಮುಖ್ಯ ಕಾರಣ ಇದೇ ಎಂದು 2004ರಲ್ಲಿ ತೋರಿಸಿದರು.

ನನಗೆ ಇದರ ಮೋಹ ಹತ್ತಿದ್ದು ಮಾತ್ರ ಲೀಶ್ಮೇನಿಯಾದಿಂದ, ಕಾಲಾ ಆಜಾರ್ ಜ್ವರ ತರುವ ರೋಗಾಣುಗಳ ಕುಲ ಅದು. ಮೆಥೊಟ್ರೆಕ್ಸೇಟ್ ಹಾಕಿ ಬೆಳೆಸಿದರೆ, ಆ ಮದ್ದು ಹೊಡೆಯುವ ಕಿಣ್ವದ ಜೀನಿರುವ ತುಂಡು ಪುಟ್ಟ ಬಳೆಗಳಾಗಿ ಕ್ರೋಮೋಸೋಮಿನ ಹೊರಗೆ ಹೆಚ್ಚುತ್ತ ಹೋಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬಿಡಿಸಿ ತೋರಿಸುವ ಜೆಲ್ಲನ್ನು ನೇರಳಾತೀತ ದೀಪದಡಿ ಇಟ್ಟು ನೋಡಿದ್ದೆ. ಮದ್ದು ಕಂಡ ಸಾಲಿನಲ್ಲಿ ಒಂದು ಕಿತ್ತಳೆ ಪಟ್ಟಿ ಝಗ್ಗನೆ ಹೊಳೆಯುತ್ತಿತ್ತು, ಪಕ್ಕದ ಸಾಲಿನಲ್ಲಿ ಅದೇ ಜಾಗ ಕತ್ತಲು. ಮದ್ದು ನಿಲ್ಲಿಸಿ ಬೆಳೆಸುತ್ತ ಹೋದಂತೆ ಎಷ್ಟೋ ಸಲ ಆ ಪಟ್ಟಿ ಮಾಸುತ್ತದೆ. ಕೋಶ ಇಬ್ಭಾಗವಾಗುವಾಗ ಬಳೆಗಳನ್ನು ಸಮಪಾಲು ಹಂಚುವವರಿಲ್ಲವಲ್ಲ.

ಮಲೇರಿಯಾದಲ್ಲೂ ಹೀಗೆ ಬಂದದ್ದು ಹೋಗುವುದುಂಟು. ಕಾಂಬೋಡಿಯಾದಲ್ಲಿ ಮೆಫ್ಲೋಕ್ವಿನ್ ಬಿಟ್ಟು ಪಿಪೆರಾಕ್ವಿನ್ ಕೊಡತೊಡಗಿದಾಗ ಪಂಪಿನ ಹೆಚ್ಚುವರಿ ಪ್ರತಿಗಳಿದ್ದ ರೋಗಾಣುಗಳು ಕಡಿಮೆಯಾದವು. ಬದಲಿಗೆ 14ನೇ ಕ್ರೋಮೋಸೋಮಿನ ಪ್ಲಾಸ್ಮೆಪ್ಸಿನ್ (ಹಿಮೋಗ್ಲೋಬಿನ್ ಕತ್ತರಿಸುವ ಕಿಣ್ವ) ಜೀನುಗಳನ್ನು ಹೆಚ್ಚಿಸಿಕೊಂಡವು ಹಬ್ಬಿ, ಪಿಪೆರಾಕ್ವಿನ್ ಸೋತಿತು. ಅಷ್ಟರಲ್ಲಿ ಮೆಫ್ಲೋಕ್ವಿನ್ ಮತ್ತೆ ನಾಟುತ್ತಿತ್ತು, ಅಲ್ಲಿಯವರು ಅದಕ್ಕೇ ಮರಳಿದರು.

ಇನ್ನು ತಮ್ಮ. ನಿಮ್ಮೂರಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ರೋಗಾಣು. ಅದು ಯಕೃತ್ತಿನಲ್ಲಿ ಅಡಗಿ ನಿದ್ದೆ ಹೊಡೆಯುತ್ತದೆ, ಎದ್ದರೆ ಮತ್ತೆ ಜ್ವರ, ಅಲ್ಲೇ ಅದನ್ನು ಮುಗಿಸಲೆಂದು ಕೊಡುವುದು 14 ದಿನದ ಪ್ರೈಮಾಕ್ವಿನ್. ಜೀನಿಗಿಂತ ಮೊದಲು ನನ್ನ ಅನುಮಾನ ಉಳಿದ ಒಂಬತ್ತು ದಿನದ ಮಾತ್ರೆಗಳ ಮೇಲೆ. ಮಿಕ್ಕಿದ್ದನ್ನು ಈಗ ಹುಡುಕಿ ನುಂಗಿಸಬೇಡಿ. ಮೊದಲು ರಕ್ತ ಪರೀಕ್ಷೆಯಾಗಲಿ, ಜಿ6ಪಿಡಿ (ಈ ಕಿಣ್ವ ಕಡಿಮೆಯಿದ್ದವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯಬಹುದು) ಪರೀಕ್ಷೆ ಆಗಿದೆಯೇ ಎಂದೂ ವೈದ್ಯರನ್ನು ಕೇಳಿ.