ಮಾಲೀಕರಿಗೆ ನೇರವಾಗಿ ಕಾಗದ ಬರೆದು ಮನೆ ಕೊಳ್ಳೋದು ನಿಜಕ್ಕೂ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಅಮೆರಿಕದ ಓಹಾಯೋದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದೀರಿ. ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕು. ಮಾರಾಟಕ್ಕೆ ಬಂದ ಮನೆಗಳಿಗೆಲ್ಲ ಪೈಪೋಟಿ ಜಾಸ್ತಿ. ಮಾಲೀಕರಿಗೆ ನೇರವಾಗಿ ಅಂಚೆಯಲ್ಲಿ ಕಾಗದ ಕಳಿಸಿದರೆ ಮನೆ ಸಿಗುತ್ತಾ, ಬೆಂಗಳೂರಲ್ಲೂ ಹೀಗೆ ಮಾಡಬಹುದಾ ಅಂತ.

ನಾನಿರುವುದು ಕ್ಲೀವ್‌ಲ್ಯಾಂಡ್ ಹತ್ತಿರ. ಹೀಗೇ ಒಂದು ಮನೆ ಕೊಂಡಿದ್ದೇನೆ. ಹಾಗಾಗಿ ಸಿಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ. ಆದರೆ ಯಾರಿಗೆ ಬರೆಯುತ್ತೀರಿ, ಎಷ್ಟು ಸಲ ಬರೆಯುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕಾಗದದ ಒಕ್ಕಣೆ ಆಮೇಲಿನ ಮಾತು.

2022ರಲ್ಲಿ ಶುರು ಮಾಡಿದಾಗ ಇದು ನನಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟು ಒಂದು ಪಟ್ಟಿ ತಗೊಂಡೆ. ಒಂದೇ ಸಲಕ್ಕೆ 2,000 ಪೋಸ್ಟ್‌ಕಾರ್ಡ್ ಕಳಿಸಿದೆ. ಮುದ್ರಣ, ಅಂಚೆ ಸೇರಿ ಸುಮಾರು 1,100 ಡಾಲರ್ ಹೋಯಿತು. ಬಂದಿದ್ದು 9 ಫೋನ್. ಅದರಲ್ಲಿ ನಾಲ್ಕು ಜನ ಬೈದು ಇಟ್ಟರು. ಒಂದು ಮನೆಯ ಬಾಗಿಲವರೆಗೂ ನಾನು ಹೋಗಲಿಲ್ಲ. ಹಣ ಮುಗಿದಿತ್ತು, ಹಾಗಾಗಿ ಎರಡನೇ ಸಲ ಕಳಿಸಲೂ ಇಲ್ಲ. ದೊಡ್ಡ ಪಟ್ಟಿಗೆ ಒಂದು ಸಲ ಕಳಿಸುವ ಬದಲು ಚಿಕ್ಕ ಪಟ್ಟಿಗೆ ಐದಾರು ಸಲ ಕಳಿಸಬೇಕಿತ್ತು. ಯಾಕೆ ಅಂದರೆ ಕಾಗದ ಬಂದ ದಿನವೇ ಯಾರಿಗೂ ಮನೆ ಮಾರುವ ಮನಸ್ಸು ಆಗುವುದಿಲ್ಲ. ಮನಸ್ಸು ಆದ ದಿನ ನಿಮ್ಮ ಕಾಗದ ಅವರ ಮೇಜಿನ ಮೇಲೆ ಇರಬೇಕು, ಅಷ್ಟೇ.

ಮುಂದಿನ ವರ್ಷ ಪಟ್ಟಿಯನ್ನು ನಾನೇ ಮಾಡಿದೆ. ಇಲ್ಲಿ ಆಸ್ತಿ ದಾಖಲೆ ಎಲ್ಲರೂ ನೋಡಬಹುದು. ಓಹಾಯೋದ ಬೇರೆ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಆಸ್ತಿ ಲೆಕ್ಕ ಇಡುವ ಅಧಿಕಾರಿಯ, ಅಂದರೆ ಆಡಿಟರ್ ವೆಬ್‌ಸೈಟ್ ಇದೆ. ನಮ್ಮ ಕಯಹೋಗಾ ಕೌಂಟಿಯಲ್ಲಿ ಅದರ ಹೆಸರು 'ಮೈ ಪ್ಲೇಸ್'. ಮನೆ ಯಾರ ಹೆಸರಲ್ಲಿದೆ, ಯಾವ ವರ್ಷ ಕೊಂಡರು, ಎಷ್ಟಕ್ಕೆ ಕೊಂಡರು, ತೆರಿಗೆ ಬಾಕಿ ಇದೆಯಾ ಎಲ್ಲ ಕಾಣಿಸುತ್ತದೆ. ನಮಗೆ ಮುಖ್ಯವಾದದ್ದು ತೆರಿಗೆ ಬಿಲ್ ಹೋಗುವ ವಿಳಾಸ. ಮನೆ ಒಂದು ಕಡೆ ಇದ್ದು ಬಿಲ್ ಬೇರೆ ರಾಜ್ಯಕ್ಕೆ ಹೋಗುತ್ತಿದ್ದರೆ ಮಾಲೀಕರು ಆ ಮನೆಯಲ್ಲಿ ಇಲ್ಲ ಅಂತಲೇ ಲೆಕ್ಕ. ದೂರ ಕೂತು ಹಳೇ ಮನೆ ನೋಡಿಕೊಳ್ಳುವುದು ಎಷ್ಟು ಕಷ್ಟ ಅಂತ ಊರಲ್ಲಿ ಅಪ್ಪನ ಮನೆ ಬಿಟ್ಟು ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಾನು ಆರಿಸಿದ್ದು ಎರಡು ಥರದವರನ್ನು. ಬೇರೆ ಊರಲ್ಲಿರುವ ಮಾಲೀಕರು, ಮತ್ತೆ 25 ವರ್ಷಕ್ಕಿಂತ ಹೆಚ್ಚು ಕಾಲದಿಂದ ಅದೇ ಮನೆಯಲ್ಲಿರುವವರು. ಹಳಬರ ಮೇಲೆ ಸಾಮಾನ್ಯವಾಗಿ ಮನೆ ಸಾಲ ಉಳಿದಿರುವುದಿಲ್ಲ. 2020-21ರಲ್ಲಿ ಶೇಕಡಾ 3ರ ಆಸುಪಾಸಿನ ಬಡ್ಡಿಗೆ ಸಾಲ ತಗೊಂಡವರು ಆ ಅಗ್ಗದ ಸಾಲ ಕಳೆದುಕೊಂಡು ಮನೆ ಬಿಡೋದು ಅಪರೂಪ. ಅವರಿಗೆ ಬರೆದರೆ ಸುಮ್ನೆ ಸ್ಟಾಂಪ್ ದಂಡ. ತೀರಿಕೊಂಡವರ ಆಸ್ತಿ ವಿಷಯ ನೋಡುವ ಪ್ರೊಬೇಟ್ ಕೋರ್ಟಿನ ದಾಖಲೆ ನೋಡಿ, ಅವರ ಮನೆಯವರಿಗೆ ಬರೆಯುವವರೂ ಇದ್ದಾರೆ. ತಿಥಿ ಮುಗಿಯುವ ಮೊದಲೇ ಮನೆ ಕೊಡ್ತೀರಾ ಅಂತ ಕೇಳುವುದು ನನಗೆ ಸರಿ ಕಾಣಲಿಲ್ಲ. ಆ ಪಟ್ಟಿ ಮುಟ್ಟಲಿಲ್ಲ.

ನಮ್ಮ ಕಡೆಯದೇ ಒಂದು ವಿಷಯ ಇದೆ. ಶೇಕರ್ ಹೈಟ್ಸ್, ಕ್ಲೀವ್‌ಲ್ಯಾಂಡ್ ಹೈಟ್ಸ್ ಥರದ ಊರುಗಳಲ್ಲಿ ಮನೆ ಮಾರುವ ಮೊದಲು ನಗರಸಭೆಯ ತಪಾಸಣೆ ಆಗಬೇಕು. ಅವರು ಬರೆದುಕೊಟ್ಟ ರಿಪೇರಿ ಮಾಡಿಸಬೇಕು, ಇಲ್ಲವೇ ಅದರ ಹಣವನ್ನು ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಬಳಿ ಠೇವಣಿಯಾಗಿ ಇಟ್ಟು, ಮನೆ ಕೊಳ್ಳುವವರು ಹೊಣೆ ಹೊರಬೇಕು. ವಯಸ್ಸಾದವರಿಗೆ ಇದೇ ದೊಡ್ಡ ತಲೆನೋವು. ಆ ರಿಪೇರಿ ಹೊಣೆ ನಾನು ತಗೊಳ್ತೇನೆ ಅನ್ನುವ ಒಂದು ಸಾಲು ಕಾಗದದಲ್ಲಿ ಇದ್ದರೆ ಅವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಹೀಗೆ 300 ಹೆಸರು ಆಯಿತು. ಏಳು ವಾರಕ್ಕೊಮ್ಮೆ, ಒಟ್ಟು ಐದು ಸಲ ಬರೆದೆ. ಕಾಗದ ಅರ್ಧ ಪುಟ ಮೀರಲಿಲ್ಲ. ಇಂಥ ಬೀದಿಯ ನಿಮ್ಮ ಮನೆ ಕೊಳ್ಳುವ ಆಸೆ ಇದೆ, ನಾನು ಏಜೆಂಟ್ ಅಲ್ಲ, 20 ನಿಮಿಷದ ದೂರದಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದೇನೆ, ಮಾರುವ ಯೋಚನೆ ಬಂದರೆ ಫೋನ್ ಮಾಡಿ, ಮತ್ತೆ ಬರೆಯಬೇಡ ಅಂದರೆ ಖಂಡಿತ ನಿಲ್ಲಿಸುತ್ತೇನೆ. ಕೆಳಗೆ ನನ್ನ ಸಹಿ. 'ಕೊನೆಯ ಎಚ್ಚರಿಕೆ' ಅಂತ ಕೆಂಪಕ್ಷರದಲ್ಲಿ, ಸರ್ಕಾರದ ನೋಟಿಸ್ ಥರ ಕಾಣುವ ಲಕೋಟೆ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂಟಿಯಾಗಿರುವ ಅಜ್ಜಿಯೊಬ್ಬರು ಅದನ್ನು ಬಿಚ್ಚುವಾಗ ಎಷ್ಟು ಹೆದರಬಹುದು ಯೋಚಿಸಿ.

ಅಂಚೆಯ ಒಂದು ಕಿವಿಮಾತು. ಅಗ್ಗ ಅಂತ ಜಾಹೀರಾತು ಕಳಿಸುವ ಮಾರ್ಕೆಟಿಂಗ್ ಮೇಲ್‌ನಲ್ಲಿ ಕಳಿಸಿದರೆ ವಿಳಾಸ ಬದಲಾದವರ ಕಾಗದ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಫಸ್ಟ್ ಕ್ಲಾಸ್‌ನಲ್ಲೇ ಕಳಿಸಿ. 2022ರ ಕೊನೆಗೆ 60 ಸೆಂಟ್ ಇದ್ದ ಸ್ಟಾಂಪ್ 2025ರ ಜುಲೈನಲ್ಲಿ 78 ಸೆಂಟ್ ಆಯಿತು. ಆದರೂ ಅದೇ ವಾಸಿ. ಲಕೋಟೆಯ ಮೇಲೆ ನಿಮ್ಮ ವಿಳಾಸದ ಕೆಳಗೆ 'ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್' ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ. ಮಾಲೀಕರು ವಿಳಾಸ ಬದಲಾಯಿಸಿ ಅಂಚೆಗೆ ತಿಳಿಸಿದ್ದರೆ, ಹೊಸ ವಿಳಾಸದ ಹಳದಿ ಚೀಟಿ ಅಂಟಿಸಿಕೊಂಡು ಕಾಗದ ನಿಮಗೇ ವಾಪಸ್ ಬರುತ್ತದೆ. ಇದಕ್ಕೆ ಬೇರೆ ಹಣ ಕೊಡಬೇಕಿಲ್ಲ.

ನನಗೆ ಮನೆ ಸಿಕ್ಕಿದ್ದು ಆ ಹಳದಿ ಚೀಟಿಯಿಂದಲೇ. ಕ್ಲೀವ್‌ಲ್ಯಾಂಡ್ ಪಕ್ಕದ ಪಾರ್ಮಾದಲ್ಲಿ ಎರಡನೇ ಮಹಾಯುದ್ಧದ ನಂತರ ಕಟ್ಟಿದ ಚಿಕ್ಕ ಬಂಗಲೆ. ಮೂರನೇ ಸುತ್ತಿನ ಕಾಗದ ವಾಪಸ್ ಬಂತು, ಚೀಟಿಯ ಮೇಲೆ ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ವಿಳಾಸ. ಅಲ್ಲಿಗೆ ಕೈಯಲ್ಲೇ ಬರೆದು ಕಳಿಸಿದೆ. ಎರಡು ವಾರ ಬಿಟ್ಟು ಒಬ್ಬ ಹೆಂಗಸು ಫೋನ್ ಮಾಡಿದರು. ಮನೆ ಅವರ ತಾಯಿಯದು. ತಾಯಿಯನ್ನು ತಮ್ಮ ಹತ್ತಿರ ಕರೆದುಕೊಂಡು ಹೋಗಿದ್ದರು. ಮನೆ ಖಾಲಿ, ಚಳಿಗೆ ನೀರಿನ ಪೈಪ್ ಒಡೆದಿತ್ತು. ಅವರಿಗೆ ಬೆಲೆಗಿಂತ ಒಳಗಿನ ಸಾಮಾನಿನದೇ ಚಿಂತೆ. 40 ವರ್ಷದ ಸಂಸಾರ, ಯಾವುದು ಇಟ್ಟುಕೊಳ್ಳೋದು, ಯಾವುದು ಬಿಡೋದು? ಮುಕ್ಕಾಲು ಗಂಟೆ ಅವರು ಅದನ್ನೇ ಮಾತಾಡಿದರು, ನಾನು ಕೇಳಿಸಿಕೊಂಡೆ.

ಅವರಿಗೆ ಒಂದು ಮಾತು ಮೊದಲೇ ಹೇಳಿದೆ. ರಿಪೇರಿ ಮಾಡಿಸಿ, ಏಜೆಂಟ್ ಇಟ್ಟು ಮಾರಿದರೆ ನನ್ನ ಬೆಲೆಗಿಂತ ಜಾಸ್ತಿ ಸಿಗುತ್ತದೆ, ನಿಮಗೆ ಕಾಯಲು ಆದರೆ ಹಾಗೆ ಮಾಡಿ ಅಂತ. ಒಂದು ವಾರ ಯೋಚಿಸಿ, ಬೇಡ, ನೀವೇ ತಗೊಳ್ಳಿ ಅಂದರು. ಬೇಕಾದ್ದು ತಗೊಂಡು ಉಳಿದದ್ದು ಹಾಗೇ ಬಿಡಿ, ನಾನು ನೋಡಿಕೊಳ್ಳುತ್ತೇನೆ ಅಂದೆ. ಬೆಲೆಯ ಲೆಕ್ಕ ಹೀಗಿತ್ತು. ಸರಿ ಮಾಡಿಸಿದರೆ ಮನೆ 1,90,000 ಡಾಲರ್ ಬಾಳುತ್ತಿತ್ತು. ಮನೆ ಕೊಂಡು ಮಾರುವವರು ಅದರ ಶೇಕಡಾ 70ರಲ್ಲಿ ರಿಪೇರಿ ಖರ್ಚು ಕಳೆಯುತ್ತಾರೆ. ರಿಪೇರಿ 45,000 ಅಂದರೆ 88,000 ಬರುತ್ತದೆ. ನಾನು ಬಾಡಿಗೆಗೆ ಇಟ್ಟುಕೊಳ್ಳುವವನು, ಹಾಗಾಗಿ 96,000 ಕೊಟ್ಟೆ. ಹಣವನ್ನು ಟೈಟಲ್ ಕಂಪನಿ ಮೂಲಕವೇ ಕೊಡಿ. ನಮ್ಮಲ್ಲಿ ಇಸಿ (ಋಣಭಾರ ಪತ್ರ) ತೆಗೆಸುವ ಹಾಗೆ ಅವರು ಹಳೇ ಸಾಲ, ತೆರಿಗೆ ಬಾಕಿ ಎಲ್ಲ ಹುಡುಕಿ ತೆಗೆಯುತ್ತಾರೆ. ಐದು ಸುತ್ತಿಗೆ ನನಗೆ ಆದ ಖರ್ಚು ಸುಮಾರು 1,500 ಡಾಲರ್. 41 ಫೋನ್ ಬಂತು, 7 ಮನೆ ನೋಡಿದೆ, 1 ಕೊಂಡೆ.

ಈಗ ನಿಮ್ಮ ವೀಸಾ ವಿಷಯ. ಇದನ್ನು ಹಗುರವಾಗಿ ತಗೋಬೇಡಿ. ಎಚ್-1ಬಿ ಮೇಲೆ ಮನೆ ಕೊಂಡು ಬಾಡಿಗೆಗೆ ಕೊಡುವುದು ಹೂಡಿಕೆ, ಅದಕ್ಕೆ ಅಡ್ಡಿ ಇಲ್ಲ. ಆದರೆ ತಿಂಗಳಿಗೊಂದು ಮನೆ ಕೊಂಡು, ನೀವೇ ನಿಂತು ರಿಪೇರಿ ಮಾಡಿ ಮಾರುವುದು, ಇಲ್ಲವೇ ಮನೆ ಕೊಳ್ಳುವ ಕರಾರನ್ನೇ ಇನ್ನೊಬ್ಬರಿಗೆ ಮಾರುವುದು ಇನ್ನೊಂದು ಉದ್ಯೋಗ ಅಂತ ಆಗಬಹುದು. ಅದಕ್ಕೆ ನಿಮಗೆ ಅನುಮತಿ ಇಲ್ಲ. ಕರಾರು ಮಾರಾಟಕ್ಕೆ ಕೆಲವು ರಾಜ್ಯಗಳದ್ದೇ ಬೇರೆ ನಿಯಮವಿದೆ. ಇಲಿನಾಯ್‌ನಲ್ಲಿ 2019ರ ತಿದ್ದುಪಡಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮಾಡಿದರೆ ಲೈಸೆನ್ಸ್ ಬೇಕು. ಮೊದಲ ಕಾಗದ ಅಂಚೆಗೆ ಹಾಕುವ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಮಾಲೀಕರ ನಂಬರ್ ಹುಡುಕಿ ರಾಶಿಗಟ್ಟಲೆ ಮೆಸೇಜ್ ಕಳಿಸುವ ಕೆಲಸಕ್ಕಂತೂ ಕೈ ಹಾಕಬೇಡಿ. 1991ರ ಟೆಲಿಫೋನ್ ಕಾಯ್ದೆಯಲ್ಲಿ ನಿಯಮ ಮೀರಿದ ಒಂದೊಂದು ಕರೆ, ಮೆಸೇಜಿಗೂ 500 ಡಾಲರ್ ಪರಿಹಾರ ಕೇಳಬಹುದು. ಅಂಚೆ ಕಾಗದಕ್ಕೆ ಆ ಕಾಯ್ದೆ ತಗಲುವುದಿಲ್ಲ.

ಬೆಂಗಳೂರಲ್ಲಿ ಇದನ್ನು ಹೀಗೇ ಮಾಡಲು ಆಗದು. ಭೂಮಿ ತಂತ್ರಾಂಶದ ಪಹಣಿ ಕೃಷಿ ಜಮೀನಿಗೆ ಮಾತ್ರ, ಅದರಲ್ಲೂ ಹೆಸರು, ಸರ್ವೆ ನಂಬರ್ ಸಿಗುತ್ತದೆ ಅಷ್ಟೇ. ಆ ಮನುಷ್ಯ ಈಗ ಎಲ್ಲಿದ್ದಾರೆ ಅನ್ನುವ ಅಂಚೆ ವಿಳಾಸ ಸಿಗುವುದಿಲ್ಲ. ಅಲ್ಲಿ ಬೀದಿಯವರನ್ನೇ ವಿಚಾರಿಸಬೇಕು, ಇಲ್ಲ ಬ್ರೋಕರ್ ಹಿಡಿಯಬೇಕು.

ನಿಮ್ಮದು ಯಾವ ಕೌಂಟಿ ಅಂತ ತಿಳಿಸಿ. ಅಲ್ಲಿನ ವೆಬ್‌ಸೈಟಿನಲ್ಲಿ ತೆರಿಗೆ ಬಿಲ್ ವಿಳಾಸ ಎಲ್ಲಿ ಕಾಣಿಸುತ್ತದೆ ಅಂತ ನೋಡಿ ಹೇಳುತ್ತೇನೆ.