ಫ್ಲೈಯಿಂಗ್ ಕಲರ್ಸ್ ಅಂದ್ರೆ ಬಾವುಟ

ಡೊಂಬಿವಲಿಯಿಂದ ಕೇಳಿದ್ದೀರಿ, ಮಗಳು 'ವಿತ್ ಫ್ಲೈಯಿಂಗ್ ಕಲರ್ಸ್' ಪಾಸಾದಳು ಅಂತ ಟೀಚರ್ ಬರೆದಿದ್ದಾರೆ, ಇಲ್ಲಿ ಬಣ್ಣ ಯಾಕೆ ಬಂತು ಅಂತ. ಇದು ಬಣ್ಣ ಅಲ್ಲ ಸರ್, ಬಾವುಟ. ಹಡಗಿನ, ಸೈನ್ಯದ ಬಾವುಟಕ್ಕೆ ಇಂಗ್ಲಿಷಿನಲ್ಲಿ ಕಲರ್ಸ್ ಅನ್ನುತ್ತಾರೆ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ನೌಕಾಪಡೆಯ ಹಡಗುಗಳನ್ನು ನೋಡಿರುತ್ತೀರಿ ಅಲ್ವಾ? ಹಾಯಿ ಹಡಗುಗಳ ಕಾಲದ ಯುದ್ಧದಲ್ಲಿ ಬಾವುಟ ಇಳಿಸಿದರೆ ಶರಣಾದ ಹಾಗೆ, ಹಾರುತ್ತಲೇ ಇದ್ದರೆ ಇನ್ನೂ ಸೋತಿಲ್ಲ ಅಂತ. ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು: ಕೋಟೆ ಬಿಟ್ಟುಕೊಡಬೇಕಾಗಿ ಬಂದ ಸೈನ್ಯ ಚೆನ್ನಾಗಿ ಹೋರಾಡಿದ್ದರೆ, ಬಾವುಟ ಹಾರಿಸಿಕೊಂಡು, ಡೋಲು ಬಾರಿಸಿಕೊಂಡು ಹೊರಗೆ ಹೋಗಲು ಗೆದ್ದವರೇ ಬಿಡುತ್ತಿದ್ದರು. ಹಾಗಾಗಿ ಮರ್ಯಾದೆ ಉಳಿಸಿಕೊಂಡು ಬರುವುದೂ ಮೊದಲು ಈ ಮಾತಿನಲ್ಲಿ ಸೇರಿತ್ತು. ಈಗ ಭರ್ಜರಿ ಗೆಲುವಿಗೇ ಬಳಸುತ್ತಾರೆ. ಸುಮ್ನೆ ಪಾಸಾದವರಿಗೆ ಹೀಗೆ ಬರೆಯುವುದಿಲ್ಲ, ಮಗಳಿಗೆ ಒಳ್ಳೆ ಅಂಕವೇ ಬಂದಿರಬೇಕು, ನನ್ನ ಅಭಿನಂದನೆ ತಿಳಿಸಿ.